ಘಟ್ಟದ ತೋಟಕ್ಕೆ ಎಟಿವಿ: ಬಲ, ಸವಾರಿಯ ಸುಖ, ದುರಸ್ತಿ – ಮೊದಲು ಯಾವುದನ್ನು ನೋಡಬೇಕು?

ಕಣಿವೆತೋಟ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟ ಮನೆಯ ಕೆಳಗಿನ ಕಣಿವೆಯಲ್ಲಿದೆ, ಸೊಪ್ಪಿನಬೆಟ್ಟ (ಗೊಬ್ಬರಕ್ಕೆ ಸೊಪ್ಪು ತರುವ ಕಾಡು) ಮನೆಯ ಮೇಲ್ಗಡೆ ಇದೆ. ಗೊಬ್ಬರ, ದರಕು (ಒಣ ಎಲೆ), ಮಣ್ಣು, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಸಾಮಾನು ಇವೆಲ್ಲ ಕೆಳಗಿಳಿಯಬೇಕು. ಕೊಯ್ದ ಅಡಿಕೆ, ಕಾಳುಮೆಣಸು, ಬಾಳೆಗೊನೆ, ಸೋಗೆ ಮೇಲೇರಬೇಕು. ತಲೆಹೊರೆಯಲ್ಲಿ ಇಷ್ಟನ್ನೂ ಮಾಡಿಕೊಡುವ ಆಳುಗಳು ಈಗ ಸಿಗುವುದಿಲ್ಲ. ಸಿಕ್ಕವರೂ ಕೊಯ್ಲಿನ ದಿನಗಳಲ್ಲಿ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನ ಜೊತೆ ಬಂದು ಅವನ ಜೊತೆಗೇ ಹೋಗಿಬಿಡುತ್ತಾರೆ.

ತೋಟಕ್ಕಿಳಿಯುವ ದಾರಿಯ ಅಗಲ ಹೆಚ್ಚೆಂದರೆ 5 ಅಡಿ. ಒಂದು ಬದಿಗೆ ದರೆ, ಇನ್ನೊಂದು ಬದಿಗೆ ಬಸಿಗಾಲುವೆ. ಬೇಸಿಗೆಯಲ್ಲಿ ಕೆಮ್ಮಣ್ಣಿನ ಹುಡಿ ಏಳುತ್ತದೆ, ಮಳೆಗಾಲದಲ್ಲಿ ಚಿರೆಕಲ್ಲಿನ ಮೇಲೆ ಪಾಚಿ ಹಿಡಿದು ನಡೆಯುವವರೇ ಜಾರುತ್ತಾರೆ. ಜೀಪು ಇಳಿಯುವುದಿಲ್ಲ. ಹಾಗಾಗಿ ಕೃಷಿ ಕೆಲಸಕ್ಕೆ ಬಳಸುವ ನಾಲ್ಕು ಚಕ್ರದ ಎಟಿವಿಯನ್ನು (ಬೈಕಿನಂತೆ ಕುಳಿತು ಹ್ಯಾಂಡಲ್ ಹಿಡಿದು ಓಡಿಸುವ, ಕಚ್ಚಾ ದಾರಿಯ ಗಾಡಿ) ಕೊಳ್ಳುವ ಯೋಚನೆಯಲ್ಲಿದ್ದೇನೆ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570, ಹೋಂಡಾ ರಾಂಚರ್ 420, ಯಮಹಾ ಗ್ರಿಜ್ಲಿ 700 ಇವುಗಳ ಹೆಸರನ್ನೇ ಎಲ್ಲ ಕಡೆ ಓದುತ್ತಿದ್ದೇನೆ. ಓದಿದ ಹೋಲಿಕೆಗಳೆಲ್ಲ ಹಿಮ ಬೀಳುವ ಊರಿನವರು, ಜಿಂಕೆ ಬೇಟೆಯವರು, ಸಾವಿರ ಎಕರೆಯ ಗೋಮಾಳದವರು ಬರೆದವು. ನಮ್ಮ ಇಳಿಜಾರಿಗೆ, ನಮ್ಮ ಮಳೆಗೆ, ನಮ್ಮ ಪೇಟೆಯಲ್ಲಿ ಸಿಗುವ ಮೆಕ್ಯಾನಿಕ್ಕಿಗೆ ಯಾವುದು ಹೊಂದುತ್ತದೆ ಎಂಬುದನ್ನು ಬಳಸಿದವರು, ರಿಪೇರಿ ಮಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಬೆಟ್ಟದಂಚು, ಸಿದ್ದಾಪುರ

ನಮ್ಮಲ್ಲಿ ಕೆಲವು ವರ್ಷಗಳಿಂದ ಒಂದು ಎಟಿವಿ ಇದೆ, ಆದ್ದರಿಂದ ಬಳಕೆದಾರನ ಮಾತಾಗಿ ಇದನ್ನು ಓದಿಕೊಳ್ಳಿ. ಎಂಜಿನ್ನಿನ ಸಿಸಿಯನ್ನು ಹೋಲಿಸುವುದರಿಂದ ನಿಮಗೆ ಹೆಚ್ಚು ಪ್ರಯೋಜನವಿಲ್ಲ. ಸ್ಪೋರ್ಟ್ಸ್‌ಮನ್‌ನದು 567 ಸಿಸಿ, ಅಮೆರಿಕದ ಮಾದರಿಯಲ್ಲಿ 44 ಎಚ್‌ಪಿ. ಗ್ರಿಜ್ಲಿಯದು 686 ಸಿಸಿ. ರಾಂಚರ್‌ನದು 420 ಸಿಸಿ. ತೋಟದ ದಾರಿಯಲ್ಲಿ ನಡೆಯುವ ವೇಗದಲ್ಲಿ ಇಳಿದು ಏರುವವರಿಗೆ ಈ ಮೂರರಲ್ಲಿ ಅತ್ಯಂತ ಚಿಕ್ಕ ಎಂಜಿನ್ನೂ ಬೇಕಾದ್ದಕ್ಕಿಂತ ಜಾಸ್ತಿಯೇ. ನೋಡಬೇಕಾದ್ದು ಹೊರೆಯ ಲೆಕ್ಕ.

ತಯಾರಕರ ಪ್ರಕಾರ ರಾಂಚರ್‌ನ ಮುಂದಿನ ರ್‍ಯಾಕಿನ ಮೇಲೆ 30 ಕಿಲೋ, ಹಿಂದಿನದರ ಮೇಲೆ 60 ಕಿಲೋ ಹೇರಬಹುದು. ಸ್ಪೋರ್ಟ್ಸ್‌ಮನ್‌ನಲ್ಲಿ ಸುಮಾರು 41 ಮತ್ತು 82 ಕಿಲೋ. ಗ್ರಿಜ್ಲಿಯಲ್ಲಿ 50 ಮತ್ತು 90 ಕಿಲೋ. ಹಸಿ ಅಡಿಕೆ ತುಂಬಿದ ಒಂದು ಗೋಣಿಚೀಲವೇ 50 ಕಿಲೋ ಮುಟ್ಟುತ್ತದೆ. ಅಂದರೆ ಯಾವ ಯಂತ್ರ ತಂದರೂ ಹಿಂದೆ ಒಂದು ಚೀಲ, ತೀರಾ ಸಣ್ಣದಿದ್ದರೆ ಒಂದೂವರೆ, ಅಷ್ಟೇ. ಬೋರ್ಡೋ ದ್ರಾವಣದ ವಿಷಯವೂ ಹೀಗೆಯೇ. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಆ 100 ಲೀಟರನ್ನು ಕಲಸಿದ ಮೇಲೆ ರ್‍ಯಾಕಿನ ಮೇಲಿಟ್ಟು ಒಯ್ಯುತ್ತೇನೆಂದರೆ ಮೂರರಲ್ಲಿ ಯಾವುದಕ್ಕೂ ಅದರ ಅನುಮತಿಯಿಲ್ಲ. ದ್ರಾವಣವನ್ನು ತೋಟದಲ್ಲಿಯೇ ಕಲಸಿಕೊಂಡು ಮೈಲುತುತ್ತನ್ನೂ ಸುಣ್ಣವನ್ನೂ ಮಾತ್ರ ಒಯ್ಯುವುದು ಜಾಣತನ.

ಆದ್ದರಿಂದ ನಿಮ್ಮ ನಿಜವಾದ ಕೆಲಸವೆಲ್ಲ ಟ್ರೇಲರಿನಲ್ಲಿ ನಡೆಯುತ್ತದೆ. ಎಳೆಯುವ ಮಿತಿ ರಾಂಚರ್‌ಗೆ 385 ಕಿಲೋ, ಗ್ರಿಜ್ಲಿಗೆ 600 ಕಿಲೋ, ಸ್ಪೋರ್ಟ್ಸ್‌ಮನ್‌ಗೆ ಮಾದರಿಯ ವರ್ಷವನ್ನು ನೋಡಿಕೊಂಡು 550ರಿಂದ 600 ಕಿಲೋ ಆಸುಪಾಸು. ಇವು ಸಮತಟ್ಟಾದ ನೆಲದ ಲೆಕ್ಕಗಳು, ಟ್ರೇಲರಿನ ಸ್ವಂತ ತೂಕವೂ ಇದರೊಳಗೇ ಬರುತ್ತದೆ. ನಮ್ಮ ಇಳಿಜಾರಿನಲ್ಲಿ ನಾನು ಇದರ ಅರ್ಧವನ್ನು ದಾಟಿಸುವುದಿಲ್ಲ. ಹಾಗೆ ನೋಡಿದರೂ ಹೆಡಗೆಯಲ್ಲಿ ಹೊತ್ತು ಅರ್ಧ ದಿನ ಮಾಡುತ್ತಿದ್ದ ಗೊಬ್ಬರದ ಕೆಲಸ ಬೆಳಗಿನ ಆಸ್ರಿಯ (ತಿಂಡಿಯ) ಹೊತ್ತಿಗೆ ಮುಗಿಯುತ್ತದೆ.

ಅಗಲದ ಚಿಂತೆ ಬೇಡ. ಮೂರೂ ಸುಮಾರು 4 ಅಡಿಯೇ. ಆದರೆ 5 ಅಡಿಯ ದಾರಿಯಲ್ಲಿ 4 ಅಡಿಯ ಗಾಡಿ ಎಂದರೆ ಬಸಿಗಾಲುವೆಯ ಬದಿಗೆ ಉಳಿಯುವುದು ಅರ್ಧ ಅಡಿ. ಮಳೆಯಲ್ಲಿ ಆ ಅಂಚು ಕುಸಿಯುತ್ತದೆ. ಯಂತ್ರಕ್ಕಿಂತ ಮೊದಲು ದಾರಿಗೆ ಖರ್ಚು ಮಾಡಿ, ಅಂಚಿಗೆ ಚಿರೆಕಲ್ಲು ಕೂರಿಸಿ ಎಂದು ನನ್ನ ಸಲಹೆ.

ಹಳೆಜೀಪು, ಯಲ್ಲಾಪುರ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರಿಸಬೇಡಿ. ಎಟಿವಿಗೆ ಕೊಡುವ ಹಣದಲ್ಲಿ 13 ಎಚ್‌ಪಿಯ ಒಂದು ಡೀಸೆಲ್ ಪವರ್ ಟಿಲ್ಲರ್, ಅದಕ್ಕೊಂದು ಟ್ರೇಲರ್, ತೋಟದ ದಾರಿಗೆ ಕಲ್ಲು ಹಾಸುವ ಕೂಲಿ ಮೂರೂ ಆಗಿ ಹಣ ಉಳಿಯುತ್ತದೆ. ಟಿಲ್ಲರಿಗೆ ಕೃಷಿ ಯಾಂತ್ರೀಕರಣದ ಸಹಾಯಧನವಿದೆ, ಬಿಡಿಭಾಗ ಶಿರಸಿ ಪೇಟೆಯಲ್ಲಿಯೇ ಸಿಗುತ್ತದೆ, ಅದನ್ನು ಬಿಚ್ಚಿ ಜೋಡಿಸಬಲ್ಲ ಹುಡುಗರು ಪ್ರತಿ ಊರಿನಲ್ಲಿದ್ದಾರೆ. ದಾರಿ ತುಸು ಅಗಲ ಮಾಡಿಕೊಳ್ಳಬಲ್ಲವರಿಗೆ ಕುಬೋಟಾ ನಿಯೋಸ್ಟಾರ್ ಬಿ2441ರಂಥ 24 ಎಚ್‌ಪಿಯ ನಾಲ್ಕು ಚಕ್ರ ಚಾಲನೆಯ ಸಣ್ಣ ಟ್ರ್ಯಾಕ್ಟರ್ ಇದೆ. ಅದು ಎಳೆಯುವುದೂ ಹೌದು, ಪಿಟಿಒ ಶಾಫ್ಟಿನಿಂದ (ಎಂಜಿನ್ನಿನ ಬಲವನ್ನು ಹೊರಗಿನ ಯಂತ್ರಕ್ಕೆ ಕೊಡುವ ದಂಡ) ಔಷಧಿ ಹೊಡೆಯುವ ಪಂಪನ್ನೂ ನಡೆಸುತ್ತದೆ. ಎಟಿವಿಯಲ್ಲಿ ಪಿಟಿಒ ಇರುವುದಿಲ್ಲ. ಪಂಪಿಗೆ ಬೇರೆಯೇ ಎಂಜಿನ್ ಹೊತ್ತುಕೊಂಡು ಹೋಗಬೇಕು. ಪೆಟ್ರೋಲನ್ನು ಕ್ಯಾನಿನಲ್ಲಿ ತಂದು ಮನೆಯಲ್ಲಿಟ್ಟುಕೊಳ್ಳುವ ರಗಳೆಯನ್ನೂ ಲೆಕ್ಕಕ್ಕೆ ಸೇರಿಸಿ.

ಬೆಟ್ಟದಂಚು, ಸಿದ್ದಾಪುರ

ಹಳೆಜೀಪಿನವರ ಮಾತನ್ನು ತಳ್ಳಿಹಾಕುವಂತಿಲ್ಲ. ಗದ್ದೆಯೂ ಇದ್ದವರು, ದಾರಿ ಅಗಲವಿದ್ದವರು ಟಿಲ್ಲರನ್ನೇ ಕೊಳ್ಳಲಿ. ಆದರೆ ಟಿಲ್ಲರಿನ ಬಲಗಡೆಯ ಸ್ಟೀರಿಂಗ್ ಕ್ಲಚ್ಚಿನ ಹಿಡಿಕೆಯನ್ನು ಇಳಿಜಾರಿನಲ್ಲಿ ಹಿಡಿದರೆ ಏನಾಗುತ್ತದೆ ಎಂಬುದು ಅದನ್ನು ನಡೆಸಿದವರಿಗೆ ಗೊತ್ತು: ಸಮತಟ್ಟಿನಲ್ಲಿ ಬಲಕ್ಕೆ ತಿರುಗುವ ಗಾಡಿ, ಇಳಿಜಾರಿನಲ್ಲಿ ಹಿಂದಿನ ಟ್ರೇಲರ್ ನೂಕುತ್ತಿರುವಾಗ ಎಡಕ್ಕೆ ತಿರುಗುತ್ತದೆ. ಅದನ್ನು ತಿಳಿಯದ ಆಳಿನ ಕೈಗೆ ಅದನ್ನು ಕೊಡಲು ನನಗೆ ಧೈರ್ಯವಿಲ್ಲ. ಎಟಿವಿಯನ್ನು ಬೈಕು ಓಡಿಸಿದವರು ಬೇಗ ಕಲಿಯುತ್ತಾರೆ. ಬೇಗ ಕಲಿತವರೇ ಬೇಗ ಬೀಳುತ್ತಾರೆ ಎಂಬುದು ಬೇರೆ ಸಂಗತಿ.

ಯಂತ್ರಶಾಲೆ, ಕಾರವಾರ

ನಾನು ಕಾರವಾರದಲ್ಲಿ ವರ್ಕ್‌ಶಾಪ್ ನಡೆಸುತ್ತೇನೆ; ಕಡಲತೀರದ ಬಾಡಿಗೆ ಗಾಡಿಗಳೂ, ಘಟ್ಟದ ಮೇಲಿನ ರೆಸಾರ್ಟ್‌ಗಳ ಗಾಡಿಗಳೂ, ಅಪರೂಪಕ್ಕೆ ತೋಟದ ಗಾಡಿಗಳೂ ಬರುತ್ತವೆ. ಯಾವ ಕಂಪನಿಯದು ಕೆಟ್ಟಿತು ಎಂಬ ಕಥೆಗಳನ್ನು ಹೇಳುವುದಿಲ್ಲ. ಏಕೆಂದರೆ ನನ್ನ ಬಳಿ ಬರುವುದೇ ಕೆಟ್ಟ ಗಾಡಿಗಳು, ಅದರಿಂದ ಕಂಪನಿಯ ಗುಣವನ್ನು ತೀರ್ಮಾನಿಸಿದರೆ ತಪ್ಪಾಗುತ್ತದೆ. ರಚನೆಯಲ್ಲಿರುವ ವ್ಯತ್ಯಾಸವನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ದುರಸ್ತಿಯ ಖರ್ಚು ಅಲ್ಲಿಂದಲೇ ಹುಟ್ಟುತ್ತದೆ.

ಮೊದಲನೆಯದು ಎಂಜಿನ್ನಿನ ಬಲ ಚಕ್ರಕ್ಕೆ ತಲುಪುವ ಬಗೆ. ಪೊಲಾರಿಸ್ ಮತ್ತು ಯಮಹಾದ ಈ ಗಾಡಿಗಳಲ್ಲಿ ಸಿವಿಟಿ ಇದೆ, ಅಂದರೆ ನಮ್ಮ ಸ್ಕೂಟರುಗಳಲ್ಲಿರುವಂತೆ ಎರಡು ಪುಲ್ಲಿಗಳ ನಡುವೆ ಒಂದು ರಬ್ಬರ್ ಬೆಲ್ಟು. ರಾಂಚರ್‌ನಲ್ಲಿ ಬೆಲ್ಟು ಇಲ್ಲ; ಕಾಲಿನಲ್ಲಿ ಹಾಕುವ ಗೇರು, ಗುಂಡಿ ಒತ್ತಿ ಹಾಕುವ ಗೇರು, ತಾನಾಗಿಯೇ ಬದಲಾಗುವ ಜೋಡಿ ಕ್ಲಚ್ಚಿನ ಗೇರು ಎಂದು ಮೂರು ಬಗೆಯಲ್ಲಿ ಬರುತ್ತದೆ, ಮೂರರಲ್ಲಿಯೂ ಎಣ್ಣೆಯಲ್ಲಿ ಮುಳುಗಿದ ಹಲ್ಲುಗಾಲಿಗಳೇ ಕೆಲಸ ಮಾಡುತ್ತವೆ. ಸಿವಿಟಿ ನಡೆಸಲು ಬಹಳ ಸುಲಭ. ಆದರೆ ಬೆಲ್ಟಿಗೆ ಇಬ್ಬರು ಶತ್ರುಗಳಿದ್ದಾರೆ, ನೀರು ಮತ್ತು ಬಿಸಿ. ಹಳ್ಳ ದಾಟುವಾಗ ಬೆಲ್ಟಿನ ಡಬ್ಬಿಯೊಳಗೆ ನೀರು ಹೋದರೆ ಬೆಲ್ಟು ಜಾರಿ ಎಂಜಿನ್ ಮಾತ್ರ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಆ ಡಬ್ಬಿಯ ತಳದಲ್ಲಿ ನೀರು ಬಸಿಯುವ ಪ್ಲಗ್ ಇರುತ್ತದೆ. ಅದನ್ನು ಬಿಚ್ಚಿ ನೀರು ಬಸಿದು, ನ್ಯೂಟ್ರಲ್‌ನಲ್ಲಿ ಎಂಜಿನ್ ತಿರುಗಿಸಿ ಒಣಗಿಸಿದರೆ ಗಾಡಿ ಮತ್ತೆ ಹೊರಡುತ್ತದೆ. ಇದನ್ನು ತಿಳಿಯದೆ ಆಕ್ಸಿಲರೇಟರ್ ಒತ್ತುತ್ತಲೇ ಹೋದರೆ ಬೆಲ್ಟು ಒಂದೇ ಕಡೆ ಸುಟ್ಟು ಹೋಗುತ್ತದೆ.

ಬಿಸಿಯ ವಿಷಯ ಇನ್ನೂ ಮುಖ್ಯ. ಹೊರೆ ಎಳೆಯುವಾಗ, ಕಡಿದಾದ ಏರಿನಲ್ಲಿ, ಗಂಟೆಗೆ ಸುಮಾರು 11 ಕಿ.ಮೀ.ಗಿಂತ ನಿಧಾನವಾಗಿ ಹೋಗುವಾಗ ಲೋ ಗೇರಿನಲ್ಲಿಯೇ ನಡೆಸಬೇಕೆಂದು ಪೊಲಾರಿಸ್‌ನ ಕೈಪಿಡಿ ಹೇಳುತ್ತದೆ. ತೋಟದ ಕೆಲಸವೆಂದರೆ ಇಡೀ ದಿನ ಈ ಮೂರೂ ಸ್ಥಿತಿಗಳೇ. ಆದರೂ ನನ್ನ ಬಳಿ ಬರುವ ಸುಟ್ಟ ಬೆಲ್ಟುಗಳ ಮಾಲೀಕರನ್ನು ಕೇಳಿದರೆ ಲೋ ಗೇರನ್ನು ಕೆಸರಿನಲ್ಲಿ ಸಿಕ್ಕಿಕೊಂಡಾಗ ಮಾತ್ರ ಹಾಕುವುದು ಎನ್ನುತ್ತಾರೆ. ಬೆಲ್ಟು ಸರಿಯಾಗಿ ಬಳಸಿದರೆ ಬಹುಕಾಲ ಬರುವ ಭಾಗ, ಹಾಗೆ ಬಳಸದಿದ್ದರೆ ಒಂದೇ ಕೊಯ್ಲಿಗೆ ಮುಗಿಯುತ್ತದೆ.

ಎರಡನೆಯದು ಇಳಿಯುವಾಗಿನ ಹಿಡಿತ. ನಿಮ್ಮ ದಾರಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಎಂದು ನನ್ನ ಅಭಿಪ್ರಾಯ. ಮಾಮೂಲಿ ಸಿವಿಟಿಯಲ್ಲಿ ಆಕ್ಸಿಲರೇಟರ್ ಬಿಟ್ಟು ಎಂಜಿನ್ ವೇಗ ತಗ್ಗಿದ ಕೂಡಲೇ ಬೆಲ್ಟಿನ ಹಿಡಿತ ಸಡಿಲುತ್ತದೆ, ಗಾಡಿ ನ್ಯೂಟ್ರಲ್‌ನಲ್ಲಿದ್ದಂತೆ ಉರುಳತೊಡಗುತ್ತದೆ. ಯಮಹಾ ತನ್ನ ಅಲ್ಟ್ರಾಮ್ಯಾಟಿಕ್ ವ್ಯವಸ್ಥೆಯಲ್ಲಿ ಬೆಲ್ಟು ಯಾವಾಗಲೂ ಬಿಗಿಯಾಗಿಯೇ ಇರುವಂತೆ ಮಾಡಿ, ಒಂದೇ ದಿಕ್ಕಿಗೆ ತಿರುಗುವ ಕ್ಲಚ್ಚನ್ನು ಇಟ್ಟಿದೆ. ಆದ್ದರಿಂದ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ನಾಲ್ಕು ಚಕ್ರ ಚಾಲನೆಯಲ್ಲಿದ್ದರೆ ಆ ಹಿಡಿತ ನಾಲ್ಕೂ ಚಕ್ರಗಳಿಗೆ ಸಿಗುತ್ತದೆ. ರಾಂಚರ್‌ನಲ್ಲಿ ಒಂದನೇ ಗೇರಿಗೆ ಹಾಕಿ ಇಳಿಸಿದರೆ ಹಳೆಯ ಲಾರಿ ಚಾಲಕರು ದೇವಿಮನೆ ಘಟ್ಟ ಇಳಿಯುವ ಕ್ರಮವೇ. ಪೊಲಾರಿಸ್‌ನಲ್ಲಿ ಎಂಜಿನ್ ಬ್ರೇಕಿಂಗ್ ವ್ಯವಸ್ಥೆ ಕೆಲವು ಮಾದರಿಗಳಲ್ಲಿದೆ, ಕೆಲವುಗಳಲ್ಲಿಲ್ಲ. ಅದರ ಮುಂದಿನ ಚಕ್ರಗಳು ಹಿಂದಿನವು ಜಾರಿದಾಗ ಮಾತ್ರ ತಾವಾಗಿಯೇ ಜೋಡಿಕೊಳ್ಳುವಂಥವು. ಆದ್ದರಿಂದ ಇಳಿಯುವಾಗ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಹಿಡಿತ ಬೇಕಿದ್ದರೆ ಇಳಿಜಾರು ನಿಯಂತ್ರಣದ ವ್ಯವಸ್ಥೆ ಇರುವ ಮಾದರಿಯನ್ನೇ ಆರಿಸಬೇಕು. ಏರುವಾಗ ಪೊಲಾರಿಸ್‌ನ ಕ್ರಮ ಬಹಳ ಚೆನ್ನ, ಸವಾರ ಯೋಚಿಸುವ ಮೊದಲೇ ಮುಂದಿನ ಚಕ್ರ ಹಿಡಿದಿರುತ್ತದೆ. ಗ್ರಿಜ್ಲಿಯಲ್ಲಿ ಗುಂಡಿ ಒತ್ತಿ ಎರಡು ಚಕ್ರ, ನಾಲ್ಕು ಚಕ್ರ, ಮುಂದಿನ ಡಿಫರೆನ್ಶಿಯಲ್ ಲಾಕ್ (ಮುಂದಿನ ಎರಡೂ ಚಕ್ರಗಳನ್ನು ಒಟ್ಟಿಗೇ ತಿರುಗಿಸುವುದು) ಎಂದು ಆಯ್ದುಕೊಳ್ಳಬೇಕು. ಲಾಕ್ ಹಾಕಿದಾಗ ಹ್ಯಾಂಡಲ್ ತಿರುಗಿಸುವುದು ಕಷ್ಟ.

ಬ್ರೇಕಿನ ಬಗ್ಗೆ ಒಂದು ಮಾತು. ಕೆಸರು ಮತ್ತು ಮರಳಿನಲ್ಲಿ ತೆರೆದ ಡಿಸ್ಕ್ ಬ್ರೇಕಿನ ಪ್ಯಾಡುಗಳು ಬೇಗ ಸವೆಯುತ್ತವೆ. ರಾಂಚರ್‌ನ ಹಿಂದಿನ ಬ್ರೇಕು ಮುಚ್ಚಿದ ಡ್ರಮ್ಮು, ಯಮಹಾದ ಕೊಡಿಯಾಕ್ 450ರಲ್ಲಿ ಹಿಂದಿನದು ಎಣ್ಣೆಯೊಳಗೆ ಮುಚ್ಚಿಟ್ಟ ಬಹುತಟ್ಟೆಯ ಬ್ರೇಕು. ಇಂಥವುಗಳಿಗೆ ಕೆಸರು ತಾಗುವುದೇ ಇಲ್ಲ. ನೀವು ಪಟ್ಟಿ ಮಾಡಿದ ಮೂರರ ಜೊತೆಗೆ ಕೊಡಿಯಾಕ್ 450ನ್ನೂ ಸೇರಿಸಿಕೊಳ್ಳಿ ಎಂದು ಹೇಳುವುದು ಇದೇ ಕಾರಣಕ್ಕೆ. ಗ್ರಿಜ್ಲಿ 700ರ ಬಲ ನಿಮ್ಮ ತೋಟದಲ್ಲಿ ಖರ್ಚಾಗುವುದಿಲ್ಲ.

ಕಣಿವೆತೋಟ, ಶಿರಸಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದಗಳು. ಇಳಿಯುವಾಗಿನ ಹಿಡಿತದ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ, ಯಾವ ಹೋಲಿಕೆಯಲ್ಲಿಯೂ ಇಷ್ಟು ಒತ್ತು ಕೊಟ್ಟದ್ದನ್ನು ಕಾಣಲಿಲ್ಲ. ಇನ್ನೆರಡು ಪ್ರಶ್ನೆಗಳಿವೆ. ಗಾಡಿಯನ್ನು ಹೆಚ್ಚಾಗಿ ನಡೆಸುವವರು ನನ್ನ ಅಪ್ಪಯ್ಯ. ಅವರಿಗೆ ಸೊಂಟನೋವಿದೆ. ಸವಾರಿಯ ಸುಖದಲ್ಲಿ ಇವುಗಳ ನಡುವೆ ನಿಜವಾಗಿಯೂ ವ್ಯತ್ಯಾಸವಿದೆಯೇ, ಅಥವಾ ಅದು ಜಾಹೀರಾತಿನ ಮಾತೇ? ಎರಡನೆಯದು, ವರ್ಷಕ್ಕೆ ಏನೇನು ನೋಡಿಕೊಳ್ಳಬೇಕು, ಅದರಲ್ಲಿ ಎಷ್ಟನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು?

ಬೆಟ್ಟದಂಚು, ಸಿದ್ದಾಪುರ

ವ್ಯತ್ಯಾಸ ನಿಜವಾಗಿಯೂ ಇದೆ, ಕಾರಣ ಹಿಂದಿನ ಆಕ್ಸಲ್. ರಾಂಚರ್‌ನ ಸಾಮಾನ್ಯ ಮಾದರಿಯಲ್ಲಿ ಹಿಂದಿನ ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸುತ್ತದೆ. ಒಂದು ಚಕ್ರ ಕಲ್ಲಿನ ಮೇಲೆ ಹತ್ತಿದರೆ ಇಡೀ ಹಿಂಭಾಗ ವಾಲುತ್ತದೆ, ಆ ಪೆಟ್ಟು ನೇರವಾಗಿ ಸೊಂಟಕ್ಕೆ ಬರುತ್ತದೆ. ಸ್ಪೋರ್ಟ್ಸ್‌ಮನ್ ಮತ್ತು ಗ್ರಿಜ್ಲಿಯಲ್ಲಿ ಹಿಂದಿನ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುತ್ತವೆ. ಸ್ಪೋರ್ಟ್ಸ್‌ಮನ್‌ನ ಹಿಂದಿನ ಸಸ್ಪೆನ್ಶನ್ ಸುಮಾರು 24 ಸೆಂ.ಮೀ. ಏರಿಳಿದರೆ ರಾಂಚರ್‌ನದು ಸುಮಾರು 17 ಸೆಂ.ಮೀ. ನೆಲದಿಂದ ಗಾಡಿಯ ತಳದ ಎತ್ತರವೂ ಹಾಗೆಯೇ: ಸ್ಪೋರ್ಟ್ಸ್‌ಮನ್ ಮತ್ತು ಗ್ರಿಜ್ಲಿಯಲ್ಲಿ 11 ಇಂಚು ಅಥವಾ ತುಸು ಜಾಸ್ತಿ, ಗಟ್ಟಿ ಆಕ್ಸಲಿನ ರಾಂಚರ್‌ನಲ್ಲಿ 7 ಇಂಚಿನ ಆಸುಪಾಸು. ಬೆಟ್ಟದಲ್ಲಿ ಕಡಿದ ಗಿಡದ ಕೂಳೆಗಳ ಮೇಲೆ ಹೋಗುವವರಿಗೆ ಈ ನಾಲ್ಕು ಇಂಚು ದೊಡ್ಡದು.

ಆದರೆ ಗಟ್ಟಿ ಆಕ್ಸಲಿನ ಪರವಾಗಿಯೂ ಹೇಳಬೇಕಾದ್ದಿದೆ. ಟ್ರೇಲರಿಗೆ ಹೊರೆ ಹೇರಿದಾಗ ಗಾಡಿಯ ಹಿಂಭಾಗ ಕುಸಿಯುವುದು ಕಡಿಮೆ, ತಿರುವಿನಲ್ಲಿ ಹೊರೆ ಪಕ್ಕಕ್ಕೆ ವಾಲಿಸುವುದು ಕಡಿಮೆ. ಸ್ವತಂತ್ರ ಸಸ್ಪೆನ್ಶನ್ನಿನ ಗಾಡಿಯಲ್ಲಿ ಬುಶ್‌ಗಳೂ ಆಕ್ಸಲ್ ಶಾಫ್ಟುಗಳ ರಬ್ಬರ್ ಬೂಟುಗಳೂ ಹೆಚ್ಚು. ಅಪ್ಪಯ್ಯನವರೇ ನಡೆಸುವುದಾದರೆ ಈ ಹೆಚ್ಚಿನ ಖರ್ಚನ್ನು ಒಪ್ಪಿಕೊಂಡು ಸ್ವತಂತ್ರ ಸಸ್ಪೆನ್ಶನ್ನಿನ ಗಾಡಿಯನ್ನೇ ಕೊಳ್ಳಿ. ಕೆಳಗೆ ಬಗ್ಗಿ ಗೇರು ಹಾಕುವುದು, ಹ್ಯಾಂಡಲ್ ಎಳೆದಾಡುವುದು ಸೊಂಟಕ್ಕಷ್ಟೇ ಅಲ್ಲ, ಭುಜಕ್ಕೂ ಆಯಾಸ. ಪವರ್ ಸ್ಟೀರಿಂಗ್ ಇರುವ ಮಾದರಿಗೆ ಸ್ವಲ್ಪ ಹೆಚ್ಚು ಕೊಡುವುದು ವ್ಯರ್ಥವಲ್ಲ.

ಸುಖದ ಅರ್ಧ ಭಾಗ ಟಯರಿನ ಗಾಳಿಯಲ್ಲಿದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಈ ಟಯರುಗಳಿಗೆ ಬೇಕಾದ್ದು 3ರಿಂದ 7 ಪಿಎಸ್‌ಐ ಮಾತ್ರ, ರಾಂಚರ್‌ಗೆ 3.6 ಪಿಎಸ್‌ಐ. ಪೇಟೆಯ ಪಂಕ್ಚರ್ ಅಂಗಡಿಯವರು ಅಭ್ಯಾಸಬಲದಿಂದ 25 ಪಿಎಸ್‌ಐ ತುಂಬಿ ಕಳಿಸಿದರೆ ಗಾಡಿ ಪ್ರತಿ ಕಲ್ಲಿಗೂ ಪುಟಿಯುತ್ತದೆ, ಹಿಡಿತವೂ ಹೋಗುತ್ತದೆ. ಅವರ ಮಾಪಕದಲ್ಲಿ ಇಷ್ಟು ತಗ್ಗಿನ ಒತ್ತಡ ತೋರುವುದೂ ಇಲ್ಲ. ಎಟಿವಿಗೆಂದೇ ಇರುವ ತಗ್ಗು ಒತ್ತಡದ ಮಾಪಕವನ್ನು ಗಾಡಿಯ ಜೊತೆಗೇ ತರಿಸಿಕೊಳ್ಳಿ.

ಯಂತ್ರಶಾಲೆ, ಕಾರವಾರ

ನಿರ್ವಹಣೆಯ ಪ್ರಶ್ನೆಗೆ ಉತ್ತರ. ಈ ಗಾಡಿಗಳಲ್ಲಿ ಕಿಲೋಮೀಟರಿಗಿಂತ ಗಂಟೆಯ ಲೆಕ್ಕ ಮುಖ್ಯ, ಮೀಟರಿನಲ್ಲಿ ಗಂಟೆ ತೋರಿಸುತ್ತದೆ. ಹೊಸ ಗಾಡಿಯ ಮೊದಲ ಆಯಿಲ್ ಬದಲಾವಣೆ 20ರಿಂದ 25 ಗಂಟೆಗಳೊಳಗೆ ಆಗಬೇಕು, ಆಮೇಲೆ ಪೊಲಾರಿಸ್ ಹೇಳುವುದು 100 ಗಂಟೆಗಳಿಗೊಮ್ಮೆ. ಕೆಸರು ನೀರಿನಲ್ಲಿ ದುಡಿಯುವ ಗಾಡಿಗೆ ಅದಕ್ಕಿಂತ ಬೇಗ ಮಾಡಬೇಕೆಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ, ನಮ್ಮ ಜಿಲ್ಲೆಯ ಬಳಕೆಯೆಲ್ಲ ಆ ವರ್ಗಕ್ಕೇ ಸೇರುತ್ತದೆ. ಎಂಜಿನ್ ಆಯಿಲ್ ಜೊತೆಗೆ ಗೇರ್‌ಬಾಕ್ಸಿನ, ಮುಂದಿನ ಡಿಫರೆನ್ಶಿಯಲ್ಲಿನ, ಕೆಲವುಗಳಲ್ಲಿ ಹಿಂದಿನ ಡಿಫರೆನ್ಶಿಯಲ್ಲಿನ ಆಯಿಲ್ ಬೇರೆ ಬೇರೆಯಾಗಿ ಇರುತ್ತವೆ. ಪೊಲಾರಿಸ್‌ನ ಮುಂದಿನ ಗೇರ್ ಪೆಟ್ಟಿಗೆಗೆ ಅವರೇ ಹೇಳಿದ ದ್ರವವನ್ನು ಹಾಕದೆ ಮಾಮೂಲಿ 90 ನಂಬರ್ ಆಯಿಲ್ ಹಾಕಿದರೆ ಮುಂದಿನ ಚಕ್ರ ಸರಿಯಾಗಿ ಜೋಡಿಕೊಳ್ಳುವುದಿಲ್ಲ. ಗಾಡಿ ಕೆಟ್ಟಿದೆ ಎಂದು ಬಂದವರ ಸಮಸ್ಯೆ ಬರೀ ಎಣ್ಣೆಯದಾಗಿದ್ದ ಪ್ರಸಂಗಗಳಿವೆ. ಬಸಿದ ಆಯಿಲ್ ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಒಳಗೆ ಹೋಗಿದೆ ಎಂದರ್ಥ. ಹಳ್ಳ ದಾಟಿದ ಮೇಲೆ ಇದನ್ನು ನೋಡದೆ ಬಿಡಬೇಡಿ.

ಏರ್ ಫಿಲ್ಟರ್ ಹೆಚ್ಚಿನವುಗಳಲ್ಲಿ ಸ್ಪಂಜಿನದು. ಕೆಮ್ಮಣ್ಣಿನ ಹುಡಿ ಬಹಳ ನುಣುಪು, ಬೇಸಿಗೆಯಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಸ್ಪಂಜಿನ ಫಿಲ್ಟರನ್ನು ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಹಚ್ಚಿ ಹಿಂಡಿ ಹಾಕುವುದು ಮನೆಯಲ್ಲಿಯೇ ಆಗುವ ಕೆಲಸ. ಆಕ್ಸಲಿನ ರಬ್ಬರ್ ಬೂಟುಗಳನ್ನು ವಾರಕ್ಕೊಮ್ಮೆ ಕೈಯಿಂದ ಸವರಿ ನೋಡಬೇಕು. ಬೂಟು ಹರಿದದ್ದು ಆ ದಿನವೇ ಕಂಡರೆ ಬೂಟಿನ ಖರ್ಚಷ್ಟೇ. ಒಂದು ತಿಂಗಳು ಬಿಟ್ಟರೆ ಒಳಗೆ ಕೆಸರು ಹೋಗಿ ಆಕ್ಸಲನ್ನೇ ಬದಲಾಯಿಸಬೇಕಾಗುತ್ತದೆ. ರೇಡಿಯೇಟರಿನ ಸಂದುಗಳಲ್ಲಿ ಕೆಸರು ಕೂತರೆ ಎಂಜಿನ್ ಬಿಸಿಯೇರುತ್ತದೆ. ಅದನ್ನು ಪ್ರೆಶರ್ ವಾಷರಿನಿಂದ ಹತ್ತಿರ ಹಿಡಿದು ಹೊಡೆಯಬಾರದು, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ, ಬೇರಿಂಗುಗಳ ಸೀಲಿನೊಳಗೂ ನೀರು ನುಗ್ಗುತ್ತದೆ. ತೋಟದ ಪೈಪಿನ ನೀರು ಸಾಕು.

ಈಗ ಬಂದಿರುವ ಹೊಸ ತಲೆನೋವು ಪೆಟ್ರೋಲಿನದು. ಈ ಗಾಡಿಗಳ ಕೈಪಿಡಿಗಳು ಶೇ. 10ರವರೆಗಿನ ಎಥೆನಾಲ್ ಬೆರೆತ ಪೆಟ್ರೋಲನ್ನು ಮಾತ್ರ ಒಪ್ಪುತ್ತವೆ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇ. 20 ಎಥೆನಾಲ್ ಇರುವ ಪೆಟ್ರೋಲು. ದಿನವೂ ಓಡುವ ಗಾಡಿಯಲ್ಲಿ ತೊಂದರೆ ಬೇಗ ಕಾಣುವುದಿಲ್ಲ, ಆದರೆ ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಶಿರಸಿಯ ಜುಲೈ ತಿಂಗಳಿನಲ್ಲಿ ಆ ತೇವಕ್ಕೆ ಬರವಿಲ್ಲ. ಮಳೆಗಾಲದಲ್ಲಿ ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಡುವವರು ಟ್ಯಾಂಕ್ ಖಾಲಿ ಮಾಡಿ ಇಡಬೇಕು, ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು, ಸೀಟಿನ ಕೆಳಗೆ ಇಲಿ ಗೂಡು ಕಟ್ಟಿ ವೈರು ಕಡಿಯದಂತೆ ನೋಡಿಕೊಳ್ಳಬೇಕು. ಇಂಧನದ ರಬ್ಬರ್ ಪೈಪುಗಳು ಮೆತ್ತಗಾಗಿವೆಯೇ ಎಂದು ಆಗಾಗ ಹಿಚುಕಿ ನೋಡಿ. ಖರೀದಿಸುವಾಗಲೇ ಈ ವಿಷಯದಲ್ಲಿ ಮಾರಾಟಗಾರರಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ, ಏಕೆಂದರೆ ಮುಂದೆ ವಾರಂಟಿಯ ಮಾತು ಬಂದಾಗ ಕೈಪಿಡಿಯ ಸಾಲನ್ನೇ ತೋರಿಸುತ್ತಾರೆ.

ವಾಲ್ವ್ ಕ್ಲಿಯರೆನ್ಸ್, ಸಿವಿಟಿಯ ಕ್ಲಚ್ಚುಗಳನ್ನು ಬಿಚ್ಚುವುದು, ಇಂಧನ ಇಂಜೆಕ್ಷನ್ನಿನ ದೋಷ ಪತ್ತೆ ಇವು ಮನೆಯ ಕೆಲಸಗಳಲ್ಲ.

ತೆಂಗಿನತೋಪು, ಹೊನ್ನಾವರ

ಘಟ್ಟದ ಕೆಳಗಿನವರ ಅನುಭವವೂ ಒಂದಿಷ್ಟಿರಲಿ. ನಮ್ಮಲ್ಲಿ ದೋಣಿ, ಬಲೆ, ಮೀನಿನ ಬುಟ್ಟಿ ಎಳೆಯಲು ಎಟಿವಿಯನ್ನು ಬಳಸಿ ನೋಡಿದವರಿದ್ದಾರೆ. ಸಡಿಲ ಮರಳು ಏರಿನಷ್ಟೇ ಹೊರೆ, ಅಲ್ಲಿಯೂ ಲೋ ಗೇರು ಬೇಕು. ಆದರೆ ಉಪ್ಪುನೀರಿಗಿಂತ ಕೆಟ್ಟದ್ದು ಬೇರೆ ಇಲ್ಲ. ಅಲೆಯಂಚಿನಲ್ಲಿ ಓಡಿಸಿದ ಗಾಡಿಯನ್ನು ಅದೇ ಸಂಜೆ ಸಿಹಿನೀರಿನಲ್ಲಿ ತೊಳೆಯದಿದ್ದರೆ ನಟ್ಟು ಬೋಲ್ಟುಗಳು, ವೈರಿನ ಜೋಡಣೆಗಳು, ಬ್ರೇಕಿನ ಪಿನ್ನುಗಳು ತುಕ್ಕು ಹಿಡಿದು ಕೆಡುತ್ತವೆ. ಕಡಲತೀರದಲ್ಲಿ ಬಾಡಿಗೆಗೆ ಓಡಿದ ಗಾಡಿ ಅಗ್ಗಕ್ಕೆ ಸಿಗುತ್ತದೆಂದು ಘಟ್ಟದ ಮೇಲಿನವರು ಕೊಂಡೊಯ್ಯುವುದನ್ನು ಕಂಡಿದ್ದೇನೆ. ಹೊರಗಿನ ಪ್ಲಾಸ್ಟಿಕ್ ಹೊಳೆಯುತ್ತಿದ್ದರೂ ಚೌಕಟ್ಟಿನ ತಳದಲ್ಲಿ ಬೆರಳಿಟ್ಟು ಕೆರೆದು ನೋಡಿ. ಚಳಿಗಾಲದಲ್ಲಿ ಕಡಲಾಮೆಗಳು ನಮ್ಮ ತೀರದಲ್ಲಿ ಮೊಟ್ಟೆಯಿಡುತ್ತವೆ, ಆಗ ಮರಳಿನ ಮೇಲೆ ಗಾಡಿ ಓಡಿಸಲೇಬಾರದು ಎಂಬುದನ್ನೂ ಇಲ್ಲಿ ಓದುವ ಕರಾವಳಿಯವರಿಗೆ ಹೇಳಿಬಿಡುತ್ತೇನೆ.

ನಿವೃತ್ತ ಬೋಧಕ, ಕುಮಟಾ

ಇಷ್ಟು ಹೊತ್ತು ಬಲ, ಸುಖ, ದುರಸ್ತಿಯ ಮಾತಾಯಿತು. ಅಪ್ಪಯ್ಯನವರು ನಡೆಸುತ್ತಾರೆ ಎಂದದ್ದರಿಂದ ಸುರಕ್ಷತೆಯ ಬಗ್ಗೆ ಬರೆಯುವುದು ಅಗತ್ಯವೆನಿಸಿತು. ಈ ಯಂತ್ರದ ಹುಟ್ಟೇ ಮೋಜಿಗಾಗಿ. 1970ರಲ್ಲಿ ಹೋಂಡಾ ತಂದದ್ದು ಮೂರು ಚಕ್ರದ ಗಾಡಿ; ನಾಲ್ಕು ಚಕ್ರದ್ದನ್ನು ಸುಜುಕಿ 1980ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದಿತು; ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಹೋಂಡಾದ ಗಾಡಿ 1986ರಲ್ಲಿ ಬಂದಿತು. ಮೂರು ಚಕ್ರದವು ಮಗುಚಿ ಬೀಳುತ್ತಿದ್ದುದರಿಂದ 1988ರಲ್ಲಿ ಅಮೆರಿಕದಲ್ಲಿ ಅವುಗಳ ಮಾರಾಟ ನಿಂತಿತು. ನಾಲ್ಕು ಚಕ್ರ ಬಂದರೂ ಮಗುಚುವ ಗುಣ ಪೂರ್ತಿ ಹೋಗಿಲ್ಲ. ಆಸ್ಟ್ರೇಲಿಯಾದ ಹೊಲಗಳಲ್ಲಿ ಸಾವುಗಳು ನಿಲ್ಲದ ಕಾರಣ, ಅಲ್ಲಿ 2021ರ ಅಕ್ಟೋಬರ್ 11ರಿಂದ ಮಾರಾಟವಾಗುವ ಪ್ರತಿ ಹೊಸ ಕೃಷಿ ಎಟಿವಿಯಲ್ಲಿ ಸವಾರನ ಬೆನ್ನ ಹಿಂದೆ ನಿಲ್ಲುವ ರಕ್ಷಣಾ ಕಮಾನು ಇರಲೇಬೇಕೆಂದು ಕಾನೂನಾಯಿತು. ಈ ನಿಯಮವನ್ನು ಒಪ್ಪದ ದೊಡ್ಡ ಕಂಪನಿಗಳು ಆ ದೇಶದ ಎಟಿವಿ ಮಾರಾಟದಿಂದಲೇ ಹಿಂದೆ ಸರಿದವು.

ನಮ್ಮಲ್ಲಿ ಅಂಥ ನಿಯಮವಿಲ್ಲ, ಆದ್ದರಿಂದ ಎಚ್ಚರ ನಮ್ಮದೇ. ಇಳಿಜಾರಿಗೆ ಅಡ್ಡಡ್ಡವಾಗಿ ಓಡಿಸಬಾರದು, ನೇರ ಏರಬೇಕು, ನೇರ ಇಳಿಯಬೇಕು. ಅರ್ಧ ತುಂಬಿದ ಔಷಧಿಯ ಟ್ಯಾಂಕು ಪೂರ್ತಿ ತುಂಬಿದ್ದಕ್ಕಿಂತ ಅಪಾಯ, ಒಳಗಿನ ದ್ರವ ತಿರುವಿನಲ್ಲಿ ಒಂದೇ ಬದಿಗೆ ನುಗ್ಗುತ್ತದೆ. ಏರಿನ ಮಧ್ಯದಲ್ಲಿ ಗಾಡಿ ನಿಂತುಹೋದರೆ ಅಲ್ಲಿಯೇ ತಿರುಗಿಸಲು ಹೋಗಬಾರದು. ಬ್ರೇಕ್ ಹಿಡಿದು ಪಾರ್ಕಿಂಗ್ ಲಾಕ್ ಹಾಕಿ, ಏರುಬದಿಗೆ ಇಳಿದು, ಹೊರೆ ಇಳಿಸಿ ಮುಂದಿನದನ್ನು ಯೋಚಿಸಬೇಕು. ಒಬ್ಬರ ಸೀಟಿನ ಗಾಡಿಯಲ್ಲಿ ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳುವುದು, ಅದರಲ್ಲಿಯೂ ಮಕ್ಕಳನ್ನು ಕೂರಿಸಿಕೊಳ್ಳುವುದು ಮಾಡಲೇಬಾರದ ಕೆಲಸ. ಹೆಲ್ಮೆಟ್ ಮನೆಯಂಗಳದಿಂದಲೇ ತಲೆಯ ಮೇಲಿರಲಿ. ಎಟಿವಿಯನ್ನು ನಡೆಸುವವರು ಮೈಯನ್ನು ಹಿಂದೆ ಮುಂದೆ ವಾಲಿಸಿ ತೂಕ ಸರಿದೂಗಿಸುತ್ತಿರಬೇಕು, ಸೊಂಟ ಬಾಗದ ಹಿರಿಯರಿಗೆ ಅದು ಸುಲಭವಲ್ಲ. ದಾರಿಯನ್ನು ಅಗಲಿಸುವ ಸಾಧ್ಯತೆಯಿದ್ದರೆ ಕಾರಿನಂತೆ ಕುಳಿತು, ಬೆಲ್ಟು ಕಟ್ಟಿಕೊಂಡು, ತಲೆಯ ಮೇಲೆ ಕಬ್ಬಿಣದ ಚೌಕಟ್ಟಿರುವ ಜೋಡಿ ಸೀಟಿನ ಯುಟಿವಿಯನ್ನು ಒಮ್ಮೆ ನೋಡಿ. ಬೆಲೆ ಮಾತ್ರ ಇನ್ನೂ ಮೇಲೆ.

ಕಣಿವೆತೋಟ, ಶಿರಸಿ

ಬೋಧಕರ ಮಾತನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ಹೆಲ್ಮೆಟ್ಟಿಗೆ ಒಪ್ಪಿದ್ದಾರೆ, ಗಾಡಿಯನ್ನು ಬೇರೆಯವರು ನಡೆಸುವುದಕ್ಕೆ ಒಪ್ಪಿಲ್ಲ. ರಸ್ತೆಯ ನೋಂದಣಿ ಬೇಕಾಗುತ್ತದೆಯೇ? ಬೆಟ್ಟಕ್ಕೂ ಮನೆಗೂ ನಡುವೆ ಪಂಚಾಯತದ ಡಾಂಬರು ರಸ್ತೆಯನ್ನು ದಾಟಬೇಕು.

ಹಳೆಜೀಪು, ಯಲ್ಲಾಪುರ

ನಿಮ್ಮ ಜಮೀನಿನೊಳಗೆ ಬೇಡ, ಸಾರ್ವಜನಿಕ ರಸ್ತೆಗೆ ಚಕ್ರ ತಾಗಿದ ಕೂಡಲೇ ಮೋಟಾರು ವಾಹನ ಕಾಯ್ದೆ ಅನ್ವಯಿಸುತ್ತದೆ. ಹೊರದೇಶದಿಂದ ಬಂದ ಎಟಿವಿಗಳಲ್ಲಿ ಹೆಚ್ಚಿನವು ಇಲ್ಲಿ ನೋಂದಣಿಗೆ ಅರ್ಹವಲ್ಲ. ಪೊಲಾರಿಸ್ 2021ರಲ್ಲಿ ಸ್ಪೋರ್ಟ್ಸ್‌ಮನ್ 570ರ ಒಂದು ಮಾದರಿಯನ್ನು ಟ್ರ್ಯಾಕ್ಟರ್ ವರ್ಗದಲ್ಲಿ ನೋಂದಾಯಿಸಬಹುದಾದಂತೆ ಭಾರತಕ್ಕೆ ತಂದಿತು. ನಿಮಗೆ ಸಿಗುವ ಗಾಡಿ ಅದೇ ಮಾದರಿಯೇ ಎಂಬುದನ್ನು ಪ್ರಮಾಣಪತ್ರ ನೋಡಿಯೇ ಖಚಿತ ಮಾಡಿಕೊಳ್ಳಿ, ಬಾಯಿಮಾತಿಗೆ ಮುಂಗಡ ಕೊಡಬೇಡಿ. ಹೋಂಡಾ, ಯಮಹಾ ಎಟಿವಿಗಳನ್ನು ಇಲ್ಲಿಯ ಬೈಕ್ ಶೋರೂಮಿನಲ್ಲಿ ಕೇಳಿ ಪ್ರಯೋಜನವಿಲ್ಲ, ಆಮದು ಮಾಡಿಸಿಕೊಂಡವರ ಕೈಯಿಂದಲೇ ಕೊಳ್ಳಬೇಕಾಗುತ್ತದೆ.

ಯಂತ್ರಶಾಲೆ, ಕಾರವಾರ

ಈ ಕೊನೆಯ ಮಾತಿನಿಂದ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಕಾಗದದ ಮೇಲೆ ನಿಮ್ಮ ದಾರಿಗೆ ಒಪ್ಪುವುದು ಎಂಜಿನ್ ಹಿಡಿತವಿರುವ ಯಮಹಾ, ಕಡಿಮೆ ರಿಪೇರಿ ಕೇಳುವುದು ಬೆಲ್ಟಿಲ್ಲದ ಹೋಂಡಾ. ಆದರೆ ಒಂದು ಬೇರಿಂಗ್ ಬೇಕಾದರೂ ಹೊರದೇಶದಿಂದ ತರಿಸಿ, ಸುಂಕ ಕಟ್ಟಿ, ವಾರಗಟ್ಟಲೆ ಕಾಯುವುದಾದರೆ ಕೊಯ್ಲಿನ ಹೊತ್ತಿನಲ್ಲಿ ಆ ಗುಣಗಳೆಲ್ಲ ಕೊಟ್ಟಿಗೆಯಲ್ಲಿ ನಿಂತಿರುತ್ತವೆ. ರಸ್ತೆ ದಾಟಬೇಕು, ಬಿಡಿಭಾಗ ದೇಶದೊಳಗೇ ಸಿಗಬೇಕು, ಸೊಂಟಕ್ಕೆ ಪೆಟ್ಟು ಬೀಳಬಾರದು ಎಂಬ ಮೂರನ್ನೂ ಸೇರಿಸಿದರೆ ನಿಮಗೆ ಉಳಿಯುವುದು ನೋಂದಣಿಯಾಗುವ ಸ್ಪೋರ್ಟ್ಸ್‌ಮನ್ ಒಂದೇ. ಅದನ್ನು ಕೊಳ್ಳುವ ಮೊದಲು ಖಾಲಿ ಟ್ರೇಲರ್ ಕಟ್ಟಿಸಿಕೊಂಡು, ಲೋ ಗೇರಿನಲ್ಲಿ, ಆಕ್ಸಿಲರೇಟರ್ ಬಿಟ್ಟು ಒಂದು ಕಡಿದಾದ ಇಳಿಜಾರಿನಲ್ಲಿ ಇಳಿಸಿ ನೋಡಿ. ಗಾಡಿ ಉರುಳತೊಡಗಿದರೆ ಆ ಮಾದರಿಗೆ ಇಳಿಜಾರು ನಿಯಂತ್ರಣ ಸಿಗುತ್ತದೆಯೇ ಎಂದು ಕೇಳಿ, ಸಿಗದಿದ್ದರೆ ಸ್ವಂತ ಬ್ರೇಕಿರುವ ಟ್ರೇಲರನ್ನೇ ಮಾಡಿಸಿ. ಹುಬ್ಬಳ್ಳಿಯಲ್ಲಿ ಟ್ರೇಲರ್ ಕಟ್ಟುವವರು ಅದನ್ನು ಮಾಡಿಕೊಡುತ್ತಾರೆ. ಗಾಡಿಯ ಜೊತೆಗೆ ಒಂದು ಬೆಲ್ಟು, ಎರಡು ಆಕ್ಸಲ್ ಬೂಟು, ಒಂದು ಏರ್ ಫಿಲ್ಟರ್, ಮುಂದಿನ ಗೇರ್ ಪೆಟ್ಟಿಗೆಯ ದ್ರವ ಇಷ್ಟನ್ನೂ ಅದೇ ಬಿಲ್ಲಿನಲ್ಲಿ ಬರೆಸಿಕೊಂಡು ತನ್ನಿ. ಬೆಲ್ಟು ಬಿಚ್ಚುವ ಉಪಕರಣ ಬೇರೆಯೇ ಇರುತ್ತದೆ, ಅದನ್ನು ಕೇಳಿ ಪಡೆಯಿರಿ. ಒಮ್ಮೆ ಕಾರವಾರದ ಕಡೆ ಬಂದರೆ ಬೆಲ್ಟು ಹಾಕುವ ಕ್ರಮವನ್ನು ಎದುರಿನಲ್ಲಿಯೇ ಬಿಚ್ಚಿ ತೋರಿಸುತ್ತೇನೆ.